ಸೀಲಿಂಗ್: ಮದುವೆಯೋ, ಬರೀ ಮುದ್ರೆಯೋ?

ಸೀಲಿಂಗ್ ಅಂದರೆ ನಮಗೆ ಮೊದಲು ನೆನಪಾಗೋದು ತಲೆ ಮೇಲೆ ತಿರುಗುವ ಫ್ಯಾನು. ಸ್ವಲ್ಪ ವಯಸ್ಸಾದವರಿಗೆ ಲ್ಯಾಂಡ್ ಸೀಲಿಂಗ್ ನೆನಪಾಗಬಹುದು. ನಾನು ಹೇಳುತ್ತಿರುವುದು ಅವೆರಡೂ ಅಲ್ಲ. ಹಿಂದೆ ಅರಗು ಕರಗಿಸಿ ಲಕೋಟೆ ಮೇಲೆ ಮುದ್ರೆ ಒತ್ತುತ್ತಿದ್ದರಲ್ಲ, ಆ ಸೀಲ್‌ನಿಂದ ಬಂದ ಸೀಲಿಂಗ್ ಇದು. ಅಮೆರಿಕದ ಮಾರ್ಮನ್ ಪಂಥದಲ್ಲಿ ತುಂಬಾ ತೂಕದ ಪದ. ಮಾರ್ಮನ್ನರಲ್ಲಿ ಬಹುಪತ್ನಿತ್ವ ಶುರು ಮಾಡಿದ್ದು ಯಾರು, ಪಂಥ ಕಟ್ಟಿದ ಜೋಸೆಫ್ ಸ್ಮಿತ್ತೋ ಅಥವಾ ಅವನು ಸತ್ತ ಮೇಲೆ ಮುಂದಾಳಾದ ಬ್ರಿಗಮ್ ಯಂಗೋ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ, ಮತ್ತು ನನಗೆ ಕಾಣುವ ಹಾಗೆ ಆ ಜಗಳದ ಅರ್ಧ ಭಾಗ ನಿಂತಿರೋದೇ ಈ ಒಂದು ಪದದ ಅರ್ಥದ ಮೇಲೆ.

ಭೂಮಿಯಲ್ಲಿ ನೀನು ಕಟ್ಟಿದ್ದು ಪರಲೋಕದಲ್ಲೂ ಕಟ್ಟಿರುತ್ತದೆ ಎಂದು ಯೇಸು ಪೇತ್ರನಿಗೆ ಹೇಳುವ ಮಾತೊಂದು ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿದೆ. ಆ ಅಧಿಕಾರ ತನಗೂ ಬಂದಿದೆ ಅಂದ ಜೋಸೆಫ್. ಮಾಮೂಲಿ ಕ್ರೈಸ್ತ ಮದುವೆ ಸಾವು ಬರುವ ತನಕ. ಸೀಲಿಂಗ್ ಆದವರು ಸತ್ತ ಮೇಲೂ ಗಂಡ ಹೆಂಡತಿಯೇ. ನಾವು ಏಳೇಳು ಜನ್ಮದ ನಂಟು ಅಂತ ಬಾಯಿಮಾತಿಗೆ ಅನ್ನುತ್ತೇವಲ್ವಾ, ಇವರು ಅದಕ್ಕೆ ವಿಧಿ, ವಿಧಿ ನಡೆಸೋಕೆ ಅಧಿಕಾರ ಇರುವವನು, ಬರೆದಿಡೋಕೆ ರಿಜಿಸ್ಟರು ಎಲ್ಲ ಮಾಡಿಟ್ಟರು. ಅದರಲ್ಲೂ ಬಗೆಗಳಿದ್ದವು. ಇಹಕ್ಕೆ ಮಾತ್ರ, ಪರಕ್ಕೆ ಮಾತ್ರ, ಇಹಪರ ಎರಡಕ್ಕೂ.

ಇಷ್ಟಕ್ಕೇ ನಿಂತಿದ್ದರೆ ತಲೆನೋವಿರಲಿಲ್ಲ. ಮಕ್ಕಳನ್ನು ಅಪ್ಪ ಅಮ್ಮನಿಗೆ ಸೀಲ್ ಮಾಡುತ್ತಾರೆ. ಸತ್ತವರ ಹೆಸರಲ್ಲಿ ಬೇರೆಯವರು ನಿಂತು ಸೀಲಿಂಗ್ ಮಾಡಿಸಿಕೊಳ್ಳುತ್ತಾರೆ. ಒಂದು ಕಾಲದಲ್ಲಿ ಬೆಳೆದ ಗಂಡಸರನ್ನು ಇನ್ನೊಬ್ಬ ಗಂಡಸಿಗೆ ಮಗನಾಗಿ ಸೀಲ್ ಮಾಡಿದ್ದೂ ಉಂಟು, ಜಾನ್ ಡಿ. ಲೀ ಅನ್ನುವವನು ಹಾಗೇ ಬ್ರಿಗಮ್ ಯಂಗ್‌ಗೆ ದತ್ತುಮಗನಾದ. ಹಾಗಾಗಿ 1842ರ ಒಂದು ಹಳೇ ಕಾಗದದಲ್ಲಿ 'ಇವಳು ಪ್ರವಾದಿಗೆ (ಅಂದರೆ ಜೋಸೆಫ್‌ಗೆ) ಸೀಲ್ ಆದಳು' ಅಂತ ಇದ್ದರೆ, ಒಂದೇ ಮನೆಯಲ್ಲಿ ಸಂಸಾರ ಮಾಡಿದರು ಅಂತಲೋ, ಸತ್ತ ಮೇಲೆ ಸ್ವರ್ಗದಲ್ಲಿ ಒಂದು ಕುಟುಂಬ ಆಗುತ್ತಾರೆ ಅಂತಲೋ, ಆ ಸಾಲಿನಿಂದಲೇ ಗೊತ್ತಾಗೋದಿಲ್ಲ.

ಈಗ ಜಗಳಕ್ಕೆ ಬರೋಣ. ಜೋಸೆಫ್ 1830ರಲ್ಲಿ ಪ್ರಕಟಿಸಿದ ಮಾರ್ಮನ್ ಗ್ರಂಥ ಬೈಬಲ್ಲಿನ ರಾಜರಾದ ದಾವೀದ, ಸೊಲೊಮೋನರು ಹತ್ತಾರು ಹೆಂಡಿರನ್ನು ಕಟ್ಟಿಕೊಂಡದ್ದನ್ನು ಬೈಯುತ್ತದೆ. ಅಲ್ಲೇ ಎರಡು ಮೂರು ವಾಕ್ಯ ದಾಟಿದರೆ ಸಣ್ಣ ಕಿಂಡಿಯೊಂದಿದೆ. ದೇವರಿಗೆ ಸಂತಾನ ಬೇಕಾದರೆ ಆತನೇ ಬೇರೆ ಅಪ್ಪಣೆ ಕೊಡಬಹುದು ಅಂತ. 1835ರಲ್ಲಿ ಪಂಥದ ನಿಯಮಗಳ ಪುಸ್ತಕ ಬಂತು. ಒಬ್ಬ ಗಂಡಿಗೆ ಒಬ್ಬಳೇ ಹೆಂಡತಿ ಅಂತ ಅದರಲ್ಲಿ ಅಚ್ಚಾಗಿತ್ತು. ನಮ್ಮ ಮೇಲೆ ವ್ಯಭಿಚಾರ, ಬಹುಪತ್ನಿತ್ವದ ಅಪವಾದ ಬಂದಿದೆ, ಅದಕ್ಕೇ ಈ ಮಾತು ಹೇಳುತ್ತಿದ್ದೇವೆ ಅಂತ ಪೀಠಿಕೆ ಬೇರೆ. ಅಂದರೆ ಗುಸುಗುಸು ಆಗಲೇ ಎದ್ದಿತ್ತು.

ಗುಸುಗುಸು ಸುಮ್ನೆ ಎದ್ದದ್ದಲ್ಲ. ಒಹಾಯೋದ ಕರ್ಟ್‌ಲ್ಯಾಂಡ್‌ನಲ್ಲಿ ಸ್ಮಿತ್ ಮನೆಯಲ್ಲಿ ಫ್ಯಾನಿ ಆಲ್ಜರ್ ಅನ್ನುವ ಹುಡುಗಿ ಕೆಲಸಕ್ಕಿದ್ದಳು. ಜೋಸೆಫ್‌ನ ಆಪ್ತನಾಗಿದ್ದ ಆಲಿವರ್ ಕೌಡರಿ 1838ರ ಜನವರಿಯಲ್ಲಿ ಬರೆದ ಕಾಗದದಲ್ಲಿ ಜೋಸೆಫ್ ಮತ್ತು ಫ್ಯಾನಿಯ ಸಂಬಂಧವನ್ನು ಕೊಳಕು, ಅಸಹ್ಯ, ಹೊಲಸು ವ್ಯವಹಾರ ಅಂತ ಕರೆದ. ಅದೇ ವರ್ಷ ಅವನನ್ನು ಸಭೆಯಿಂದ ಹೊರಹಾಕಿದರು. ಕನ್ನಡದಲ್ಲಿ ಕಟ್ಟಿಕೊಂಡವಳು, ಇಟ್ಟುಕೊಂಡವಳು ಅಂತ ಎರಡು ಪದ ಇವೆ. ಫ್ಯಾನಿ ಬಗ್ಗೆ ಇತಿಹಾಸಕಾರರು ಪುಟಗಟ್ಟಲೆ ವಾದ ಮಾಡುವುದೂ ಇದನ್ನೇ.

ನಿಜವಾದ ಕಥೆ ನಡೆಯೋದು ಇಲಿನಾಯ್‌ನ ನಾವೂ ಊರಲ್ಲಿ. ಅಲ್ಲಿ 1841ರ ಏಪ್ರಿಲ್‌ನಲ್ಲಿ ಲೂಯಿಸಾ ಬೀಮನ್ ಜೋಸೆಫ್‌ಗೆ ಸೀಲ್ ಆದಳು. ವಿಧಿ ನಡೆಸಿದ್ದು ಅವಳ ಅಕ್ಕನ ಗಂಡ ಜೋಸೆಫ್ ನೋಬಲ್, ಎಲ್ಲ ಗುಟ್ಟಾಗಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಜೈನಾ ಹಂಟಿಂಗ್ಟನ್ ಸೀಲ್ ಆದಳು. ಅವಳಿಗೆ ಆಗಲೇ ಹೆನ್ರಿ ಜೇಕಬ್ಸ್ ಅನ್ನುವ ಗಂಡ ಇದ್ದ, ಆಮೇಲೂ ಅವನ ಜೊತೆಗೇ ಬಾಳಿದಳು. ಹೀಗೆ ಗಂಡ ಇದ್ದೂ ಜೋಸೆಫ್‌ಗೆ ಸೀಲ್ ಆದವರು ಹತ್ತಕ್ಕಿಂತ ಜಾಸ್ತಿ. ಇಲ್ಲಿ ನಮ್ಮ 'ಬಹುಪತ್ನಿತ್ವ'ವೂ ಕೈಕೊಡುತ್ತದೆ ನೋಡಿ. ಇದು ಬಹುಪತಿತ್ವವಾ? ಇಹಕ್ಕೊಬ್ಬ, ಪರಕ್ಕೊಬ್ಬನಾ? ಉತ್ತರ ಮತ್ತೆ ಸೀಲಿಂಗ್ ಅಂದರೇನು ಅನ್ನುವುದಕ್ಕೇ ಬಂದು ನಿಲ್ಲುತ್ತದೆ.

ನಾವೂ ಊರಿನ ಮೇಯರ್ ಆಗಿದ್ದ ಜಾನ್ ಬೆನೆಟ್ 1842ರಲ್ಲಿ ಜಗಳ ಮಾಡಿಕೊಂಡು ಹೊರಬಿದ್ದ. ಪತ್ರಿಕೆಗಳಿಗೆ ಬರೆದು ಎಲ್ಲ ಬಯಲು ಮಾಡುತ್ತೇನೆ ಅಂದ. ಅವನೂ ಸಾಚಾ ಅಲ್ಲ, 'ಆತ್ಮಿಕ ಪತ್ನಿ' ಅನ್ನುವ ಹೆಸರಲ್ಲಿ ಹೆಂಗಸರನ್ನು ಮರುಳು ಮಾಡುತ್ತಿದ್ದ ಅನ್ನುವ ಆರೋಪ ಅವನ ಮೇಲೇ ಇತ್ತು. ಅದಕ್ಕೆ ಉತ್ತರವಾಗಿ ಅಕ್ಟೋಬರ್ 1ರಂದು ಚರ್ಚಿನ ಪತ್ರಿಕೆ ಒಂದು ಹೇಳಿಕೆ ಹಾಕಿತು. ಹನ್ನೆರಡು ಗಂಡಸರು, ಹತ್ತೊಂಬತ್ತು ಹೆಂಗಸರ ಸಹಿ. ನಮ್ಮ ನಿಯಮದ ಪುಸ್ತಕದಲ್ಲಿರುವ ಮದುವೆ ಬಿಟ್ಟರೆ ಬೇರೆ ಯಾವ ಪದ್ಧತಿಯೂ ನಮಗೆ ಗೊತ್ತಿಲ್ಲ, ಬೆನೆಟ್ ಹೇಳುವ ಗುಟ್ಟು ಹೆಂಡತಿ ಪದ್ಧತಿ ಅವನೇ ಹುಟ್ಟುಹಾಕಿದ್ದು, ಇದು ಅದರ ಸಾರ.

ಆ ಸಹಿಗಳನ್ನು ಒಂದೊಂದಾಗಿ ನೋಡಬೇಕು. ಜೋಸೆಫ್‌ನ ಹೆಂಡತಿ ಎಮ್ಮಾ ಇದ್ದಾಳೆ, ಸರಿ. ಎಲೈಜಾ ಸ್ನೋ ಇದ್ದಾಳೆ. ಅವಳದೇ ಆಮೇಲಿನ ಮಾತಿನ ಪ್ರಕಾರ ಅವಳು ಅಷ್ಟರಲ್ಲಿ ಜೋಸೆಫ್‌ಗೆ ಸೀಲ್ ಆಗಿ ಮೂರು ತಿಂಗಳಾಗಿತ್ತು! ಎಲಿಜಬೆತ್ ವಿಟ್ನಿ ಇದ್ದಾಳೆ, ಅವಳ ಮಗಳು ಸಾರಾ ಆ್ಯನ್ ಜುಲೈನಲ್ಲಷ್ಟೇ ಸೀಲ್ ಆಗಿದ್ದಳು. ಗಂಡಸರ ಪಟ್ಟಿಯಲ್ಲಿ ಆ ಹುಡುಗಿಯ ಅಪ್ಪ ನ್ಯೂವೆಲ್ ವಿಟ್ನಿ. ಸುಳ್ಳು ಸಹಿ ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಆದರೆ ಎಲೈಜಾ ಮುಂದೆ ಕೊಟ್ಟ ವಿವರಣೆ ಬೇರೆ. ನಾವು ಅಲ್ಲಗಳೆದದ್ದು ಬೆನೆಟ್‌ನ ಪದ್ಧತಿಯನ್ನು, ನಮ್ಮದನ್ನಲ್ಲ ಅಂದಳು. ಒಳಗಿನವರ ಕಿವಿಗೆ 'ಪಾಲಿಗಮಿ' (ಬಹುಪತ್ನಿತ್ವ) ಅಂದರೆ ಹೊರಗಿನವರ ಕೊಳಕು, 'ಆತ್ಮಿಕ ಪತ್ನಿ' ಅಂದರೆ ಬೆನೆಟ್‌ನ ಲಂಪಟತನ, ತಾವು ಮಾಡಿದ್ದು ಮಾತ್ರ ಸೀಲಿಂಗ್. ಮೂರು ಪದ, ಮೂರು ಡಬ್ಬಿ. ಎರಡು ಡಬ್ಬಿ ತೆರೆದು ಖಾಲಿ ಅಂತ ತೋರಿಸಿದರು, ಮೂರನೆಯದರ ಬಗ್ಗೆ ಯಾರೂ ಕೇಳಲಿಲ್ಲ. ನನಗೆ ಇದು ಜಾಣತನಕ್ಕಿಂತ ಜಾಸ್ತಿ ಭಯ ಅನ್ನಿಸುತ್ತದೆ, ಎರಡನೇ ಮದುವೆ ಇಲಿನಾಯ್‌ನಲ್ಲಿ ಅಪರಾಧ.

ಮನೆಯೊಳಗೆ ಏನಾಗುತ್ತಿತ್ತು ಅನ್ನೋದಕ್ಕೆ ಎಮಿಲಿ ಪಾರ್ಟ್ರಿಜ್ ಕಥೆ ಸಾಕು. ಎಮಿಲಿ ಮತ್ತು ಅವಳ ಅಕ್ಕ ಎಲೈಜಾ ಇಬ್ಬರೂ ಸ್ಮಿತ್ ಮನೆಯಲ್ಲೇ ಇದ್ದವರು. 1843ರ ಮಾರ್ಚ್‌ನಲ್ಲಿ ಇಬ್ಬರೂ ಎಮ್ಮಾಗೆ ತಿಳಿಯದ ಹಾಗೆ ಸೀಲ್ ಆದರು. ಮೇ ತಿಂಗಳಲ್ಲಿ ಎಮ್ಮಾ ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡು, ಆಗಲಿ, ಹೆಣ್ಣು ನಾನೇ ಆರಿಸುತ್ತೇನೆ ಅಂದಳು. ಆರಿಸಿದ್ದು ಇವರಿಬ್ಬರನ್ನೇ. ಆಗಲೇ ಆಗಿದೆ ಅಂತ ಬಾಯಿ ಬಿಡೋ ಹಾಗಿಲ್ಲ. ಮನೆಯಲ್ಲಿ ರಂಪ ಬೇಡ ಅಂತ ಎಮ್ಮಾ ಎದುರಿಗೇ ಇನ್ನೊಂದು ಸಲ ವಿಧಿ ನಡೆಸಿದರು. ಎಮ್ಮಾಳ ಒಪ್ಪಿಗೆ ಜಾಸ್ತಿ ದಿನ ಉಳಿಯಲಿಲ್ಲ ಅಂತ ಎಮಿಲಿಯೇ ಹೇಳಿದ್ದಾಳೆ. ಕನ್ನಡದಲ್ಲಾದರೆ ಈ ಸಂಬಂಧಕ್ಕೆ 'ಸವತಿ' ಅನ್ನುವ ಚೂರಿಯಂಥ ಪದ ತಯಾರಾಗಿದೆ.

ಅದೇ ವರ್ಷ ಜುಲೈ 12ಕ್ಕೆ ಜೋಸೆಫ್ ಬಹುಪತ್ನಿತ್ವದ ಬಗ್ಗೆ ದೇವವಾಣಿ ಹೇಳಿ ಬರೆಸಿದ. ಬರೆದುಕೊಂಡವನು ಅವನ ಗುಮಾಸ್ತ ವಿಲಿಯಂ ಕ್ಲೇಟನ್. ಆ ದಿನದ ಡೈರಿಯಲ್ಲಿ ಕ್ಲೇಟನ್ ಬರೆದಿದ್ದಾನೆ: ಹತ್ತು ಪುಟ ಬರೆದೆ, ಜೋಸೆಫ್ ಮತ್ತು ಅವನಣ್ಣ ಹೈರಮ್ ಅದನ್ನು 'ಇ'ಗೆ ಓದಿ ಹೇಳಿದರು, ಅವಳು ಒಂದಕ್ಷರವನ್ನೂ ನಂಬಲ್ಲ ಅಂದಳು, ತಿರುಗಿಬಿದ್ದ ಹಾಗಿತ್ತು. 'ಇ' ಯಾರು ಅಂತ ಹೇಳಬೇಕಾಗಿಲ್ಲ. ಮೂಲ ಪ್ರತಿ ನಾಶವಾಯಿತು, ನಕಲು ಮಾತ್ರ ಉಳಿಯಿತು.

1844ರ ಮೇ 26ರಂದು ಜೋಸೆಫ್ ತುಂಬಿದ ಸಭೆಯಲ್ಲಿ, ನನಗೆ ಏಳು ಹೆಂಡಿರಂತೆ, ಹುಡುಕಿದರೆ ನನಗೆ ಒಬ್ಬಳೇ ಸಿಗುತ್ತಾಳೆ ಅಂದ. ಭಿನ್ನಮತೀಯರು ಜೂನ್ 7ಕ್ಕೆ ಒಂದು ಪತ್ರಿಕೆ ತಂದು ಗುಟ್ಟನ್ನೆಲ್ಲ ಅಚ್ಚು ಹಾಕಿದರು. ಅಚ್ಚಿನ ಯಂತ್ರವನ್ನು ಮೂರೇ ದಿನದಲ್ಲಿ ಒಡೆದು ಹಾಕಿದರು. ಆ ಗಲಾಟೆಯ ಬೆನ್ನಲ್ಲೇ ಜೋಸೆಫ್, ಹೈರಮ್ ಕಾರ್ತೇಜ್ ಜೈಲು ಸೇರಿ ಜೂನ್ 27ರಂದು ಗುಂಪಿನ ಗುಂಡಿಗೆ ಸತ್ತರು.

ಆಮೇಲೆ ಪಂಥ ಒಡೆಯಿತು. ಬ್ರಿಗಮ್ ಯಂಗ್ ಜೊತೆ ಬಹಳ ಜನ ಯೂಟಾಗೆ ಹೋದರು. 1852ರಲ್ಲಿ ಅಲ್ಲಿ ಬಹುಪತ್ನಿತ್ವವನ್ನು ಬಹಿರಂಗವಾಗಿ ಸಾರಿ, ಇದು ಜೋಸೆಫ್‌ಗೆ ಬಂದ ದೇವವಾಣಿ ಅಂದರು. 'ಒಬ್ಬಳೇ ಹೆಂಡತಿ' ಅಂತ ಅಚ್ಚಾಗಿದ್ದ ಅಧ್ಯಾಯ ಮಾತ್ರ ಅವರ ಪುಸ್ತಕದಲ್ಲಿ 1876ರವರೆಗೂ ಹಾಗೇ ಕೂತಿತ್ತು, ಅದೊಂದು ತಮಾಷೆ. ಎಮ್ಮಾ ನಾವೂದಲ್ಲೇ ಉಳಿದಳು. ಅವಳ ಮಗ ಮೂರನೇ ಜೋಸೆಫ್ ಸ್ಮಿತ್ 1860ರಲ್ಲಿ ಇನ್ನೊಂದು ಚರ್ಚಿನ ಮುಖ್ಯಸ್ಥನಾದ. ನಮ್ಮಪ್ಪ ಹಾಗಿರಲಿಲ್ಲ, ಇದೆಲ್ಲ ಬ್ರಿಗಮ್‌ನ ಕಿತಾಪತಿ ಅನ್ನೋದು ಅವನ ವಾದ.

ಅಲ್ಲಿಂದ ಇದು ಅಪ್ಪಟ ದಾಯಾದಿ ಜಗಳ. ಮೂರನೇ ಜೋಸೆಫ್‌ನ ತಮ್ಮಂದಿರು 1869ರಲ್ಲಿ ಯೂಟಾಗೇ ಬಂದು ಪ್ರಚಾರಕ್ಕೆ ನಿಂತಾಗ, ಅವರಿಗೆ ಎದುರಾಗಿ ಅಫಿಡವಿಟ್ ಸಂಗ್ರಹ ಮಾಡಿದವನು ಹೈರಮ್‌ನ ಮಗ ಜೋಸೆಫ್ ಎಫ್. ಸ್ಮಿತ್, ಅಂದರೆ ಇವರ ದೊಡ್ಡಪ್ಪನ ಮಗ. ಇಪ್ಪತ್ತೈದು ವರ್ಷ ಬಾಯಿ ಮುಚ್ಚಿಕೊಂಡಿದ್ದ ಹೆಂಗಸರು ಈಗ ಪ್ರಮಾಣ ಮಾಡಿ, ಹೌದು, ಇಂಥ ದಿನ ಸೀಲ್ ಆದೆವು ಅಂದರು. ಆ ಕಡೆ ಎಮ್ಮಾ 1879ರಲ್ಲಿ, ಸಾಯೋ ಮೊದಲು, ಮಗನ ಪ್ರಶ್ನೆಗೆ ಉತ್ತರವಾಗಿ ಪಾಲಿಗಮಿ, ಆತ್ಮಿಕ ಪತ್ನಿ ಯಾವುದೂ ನನ್ನ ಗಂಡ ಇರುವಾಗ ನನಗೆ ಗೊತ್ತಿರಲಿಲ್ಲ ಅಂದಳು. ಅದೇ ಎರಡು ಡಬ್ಬಿ. ಆದರೆ ಪದದ ಆಟ ಅಂತ ಅಷ್ಟಕ್ಕೇ ಬಿಡೋಕಾಗಲ್ಲ. ನನ್ನ ಬಿಟ್ಟು ಅವನಿಗೆ ಬೇರೆ ಹೆಂಡತಿ ಇರಲಿಲ್ಲ ಅಂತಲೂ ಹೇಳಿದ್ದಾಳೆ. ಅಲ್ಲಿ ನುಸುಳೋಕೆ ಜಾಗ ಕಮ್ಮಿ.

ಈ ಜಗಳ ಕೋರ್ಟಿಗೂ ಹೋಯಿತು. ಮಿಸೌರಿಯ ಇಂಡಿಪೆಂಡೆನ್ಸ್‌ನಲ್ಲಿರುವ ದೇವಾಲಯಕ್ಕೆಂದು ಗೊತ್ತುಮಾಡಿದ್ದ ಜಾಗ ಯಾರದ್ದು ಅನ್ನುವ ಕೇಸಿನಲ್ಲಿ, ಜೋಸೆಫ್‌ಗೆ ಸೀಲ್ ಆಗಿದ್ದ ಎಮಿಲಿ, ಲೂಸಿ ವಾಕರ್, ಮಲಿಸ್ಸಾ ಲಾಟ್ ಮುದಿ ವಯಸ್ಸಿನಲ್ಲಿ ಸಾಕ್ಷಿ ಹೇಳಿದರು. ಬರೀ ಸ್ವರ್ಗದ ಮದುವೆಯಾ, ಗಂಡ ಹೆಂಡತಿಯಾಗಿ ಬಾಳಿದ್ದೀರಾ ಅಂತ ಮುಖಕ್ಕೆ ಹೊಡೆದ ಹಾಗೆ ಕೇಳಿದರು. ಎಮಿಲಿ, ಮಲಿಸ್ಸಾ ಇಬ್ಬರೂ ಜೊತೆಗಿದ್ದದ್ದು ನಿಜ ಅಂದರು. ಈ ಒಂದು ಉತ್ತರಕ್ಕೆ ಸೀಲಿಂಗ್ ಅನ್ನುವ ಮಂಜು ಅರ್ಧ ಕರಗುತ್ತದೆ.

ಒಪ್ಪದವರ ಕೈಲಿ ಒಂದು ಗಟ್ಟಿ ಪ್ರಶ್ನೆ ಇದೆ, ಸುಮ್ನೆ ತಳ್ಳಿಹಾಕೋಹಾಗಿಲ್ಲ. ಎಮ್ಮಾಗೆ ಒಂಬತ್ತು ಮಕ್ಕಳಾದವು, ಬೇರೆ ಹೆಂಡತಿಯರಿಂದ ಜೋಸೆಫ್‌ಗೆ ಹುಟ್ಟಿದ್ದು ಅಂತ ಡಿಎನ್‌ಎ ಪರೀಕ್ಷೆಯಲ್ಲಿ ಸಾಬೀತಾದ ಮಗು ಒಂದೂ ಇಲ್ಲ. ಜೋಸೆಫೀನ್ ಲಯನ್ ಎಂಬಾಕೆಗೆ ಅವಳಮ್ಮ ಸಿಲ್ವಿಯಾ 1882ರಲ್ಲಿ ಸಾಯುವ ಹಾಸಿಗೆಯಲ್ಲಿ, ನೀನು ಪ್ರವಾದಿಯ ಮಗಳು ಅಂದಿದ್ದಳು. 2016ರ ಪರೀಕ್ಷೆ ಅಲ್ಲ ಅಂದಿತು. ಅಮ್ಮ ಸುಳ್ಳು ಹೇಳಿದಳಾ? ತಾನು ಜೋಸೆಫ್‌ಗೆ ಸೀಲ್ ಆಗಿದ್ದರಿಂದ, ಪರಲೋಕದ ಲೆಕ್ಕದಲ್ಲಿ ನೀನು ಅವನ ಮಗಳು ಅಂತ ಹೇಳಿದ್ದಿರಬಹುದು. ಸಾಯುವಾಗಲೂ ಆ ಪದ ಎರಡು ದೋಣಿಯಲ್ಲಿ ಕಾಲಿಟ್ಟಿದೆ.

ನನ್ನ ಅಭಿಪ್ರಾಯ ಕೇಳಿದರೆ, ಶುರು ಮಾಡಿದ್ದು ಜೋಸೆಫೇ. ಅಫಿಡವಿಟ್ಟುಗಳು ತಡವಾಗಿ ಬಂದವು, ಅವುಗಳ ಹಿಂದೆ ಯೂಟಾದ ಸ್ವಾರ್ಥ ಇತ್ತು, ಒಪ್ಪಿದೆ. ಆದರೆ ಕ್ಲೇಟನ್‌ನ ಡೈರಿ ಅದೇ ದಿನದ್ದು. ಎಮ್ಮಾಳ ಮಗನ ಚರ್ಚಿನ ಅಧಿಕೃತ ಇತಿಹಾಸಕಾರ ರಿಚರ್ಡ್ ಹೊವಾರ್ಡ್ ಕೂಡ 1983ರ ಹೊತ್ತಿಗೆ ಜೋಸೆಫ್‌ನ ಪಾತ್ರ ಒಪ್ಪಿಕೊಂಡು ಬರೆದರು. ಯೂಟಾ ಚರ್ಚು 2014ರಲ್ಲಿ, ಸೀಲ್ ಆದವರು 30ರಿಂದ 40 ಇರಬಹುದು, ಒಬ್ಬಳಿಗೆ ಇನ್ನೂ ಹದಿನೈದು ತುಂಬಿರಲಿಲ್ಲ ಅಂತ ತಾನೇ ಪ್ರಕಟಿಸಿತು. ಇಷ್ಟಾದ ಮೇಲೂ ಯೂಟಾ ಚರ್ಚಿನ ಒಳಗಿನಿಂದಲೇ ಹೊಸ ತಲೆಮಾರಿನವರು ಕೆಲವರು ಬ್ರಿಗಮ್‌ನೇ ಕಾರಣ ಅನ್ನುತ್ತಿದ್ದಾರೆ. ಪ್ರವಾದಿ ಬೇಕು, ಸವತಿಯರು ಬೇಡ. ಅವರ ಸಂಕಟ ಅರ್ಥವಾಗುತ್ತದೆ.

ಕಾನೂನಿಗೆ ಈ ಪದದ ಗೊಡವೆ ಬೇಕಿರಲಿಲ್ಲ. ಎರಡನೇ ಮದುವೆಯಾದ ಮಾರ್ಮನ್ ರೆನಾಲ್ಡ್ಸ್‌ನ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1879ರಲ್ಲಿ, ಗಂಡನ ಚಿತೆ ಏರುವುದು ಧರ್ಮ ಅಂತ ಹೆಂಡತಿ ನಂಬಿದರೆ ಸರ್ಕಾರ ತಡೆಯಬಾರದಾ ಅಂತ ನಮ್ಮ ಸತಿ ಪದ್ಧತಿಯನ್ನೇ ಎಳೆದು ತಂದಿತು. ಮುಂದೆ ನಮ್ಮ ಬಾಂಬೆ ಹೈಕೋರ್ಟು 1951ರಲ್ಲಿ ಹಿಂದೂ ದ್ವಿಪತ್ನಿತ್ವ ನಿಷೇಧ ಕಾನೂನನ್ನು ಎತ್ತಿಹಿಡಿಯುವಾಗ ಮಾರ್ಮನ್ನರ ಇನ್ನೊಂದು ಕೇಸನ್ನು ಉಲ್ಲೇಖಿಸಿತು. ಆಗ ಧಾರವಾಡ, ಬೆಳಗಾವಿ ಎಲ್ಲ ಬಾಂಬೆಗೇ ಸೇರಿದ್ದವು.

ಯೂಟಾ ಚರ್ಚು 1890ರಲ್ಲಿ ಬಹುಪತ್ನಿತ್ವ ನಿಲ್ಲಿಸುವುದಾಗಿ ಪ್ರಕಟಿಸಿತು. ಸೀಲಿಂಗ್ ನಿಲ್ಲಿಸಲಿಲ್ಲ. ಈಗಲೂ ಹೆಂಡತಿ ತೀರಿಹೋದ ಗಂಡಸು ಇನ್ನೊಬ್ಬಳಿಗೆ ಸೀಲ್ ಆಗಬಹುದು, ಮೊದಲ ಸೀಲಿಂಗ್ ರದ್ದಾಗೋದಿಲ್ಲ. ಗಂಡ ಸತ್ತವಳು ಬದುಕಿರುವಾಗ ಹಾಗೆ ಇಬ್ಬರಿಗೆ ಸೀಲ್ ಆಗೋ ಹಾಗಿಲ್ಲ. 2018ರಿಂದ 2025ರವರೆಗೆ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್ ಮೊದಲ ಹೆಂಡತಿ ತೀರಿಕೊಂಡ ಮೇಲೆ 2006ರಲ್ಲಿ ದೇವಾಲಯದಲ್ಲೇ ಇನ್ನೊಂದು ಮದುವೆಯಾದರು. ಮನೆಯಲ್ಲಿ ಒಬ್ಬಳೇ ಹೆಂಡತಿ, ಪರಲೋಕದ ರಿಜಿಸ್ಟರಿನಲ್ಲಿ ಇಬ್ಬರು. ಇದು ಬಹುಪತ್ನಿತ್ವ ಅಲ್ವಾ ಅಂತ ಕೇಳಿದರೆ ಅಲ್ಲ ಅನ್ನುತ್ತಾರೆ. ಸೀಲಿಂಗ್ ಅನ್ನುತ್ತಾರೆ.