ಕ್ಷಮಿಸಿದ ಗೆಳೆಯನೇ ಯಾಕೆ ಜಾಸ್ತಿ ಕಾಡುತ್ತಾನೆ?

ಕಥೆಯಲ್ಲಿ ಒಬ್ಬ ತನ್ನ ಗೆಳೆಯನಿಗೆ ಮೋಸ ಮಾಡುತ್ತಾನೆ. ಅದು ಬಯಲಾಗುತ್ತದೆ. ಮುಂದೇನು? ಹೊಸದಾಗಿ ಬರೆಯುವವರು ಸಾಮಾನ್ಯವಾಗಿ ಇಬ್ಬರನ್ನೂ ಎದುರುಬದುರು ಕೂರಿಸುತ್ತಾರೆ. ಒಬ್ಬ 'ತಪ್ಪಾಯ್ತು ಕಣೋ' ಅನ್ನುತ್ತಾನೆ, ಇನ್ನೊಬ್ಬ ಬೆನ್ನು ತಟ್ಟುತ್ತಾನೆ. ಕಥೆ ಅಲ್ಲೇ ಸಪ್ಪೆಯಾಗುತ್ತದೆ. ಹಳಬರು ಈ ಗುಂಡಿಗೆ ಅಷ್ಟು ಸುಲಭವಾಗಿ ಬೀಳಲಿಲ್ಲ. ಯಾಕೆಂದರೆ ಅವರ ಕಥೆಗಳಲ್ಲಿ ತಪ್ಪಿನ ಅರಿವಾಗುವ ಹೊತ್ತಿಗೆ ಗೆಳೆಯ ಸತ್ತಿರುತ್ತಿದ್ದ.

ಗ್ರೀಕರ 'ಇಲಿಯಡ್' ನೋಡಿ. ವೀರ ಅಕಿಲೀಸ್ ತನ್ನ ಕವಚ ತೊಡಿಸಿ ಗೆಳೆಯ ಪಟ್ರೋಕ್ಲಸ್‌ನನ್ನು ಯುದ್ಧಕ್ಕೆ ಕಳಿಸುತ್ತಾನೆ. ಅವನು ಸಾಯುತ್ತಾನೆ. ಸುದ್ದಿ ತಂದ ಆಂಟಿಲೋಕಸ್ ಸಮಾಧಾನದ ಮಾತೇ ಆಡುವುದಿಲ್ಲ. ಅಕಿಲೀಸ್ ಎಲ್ಲಿ ಕತ್ತು ಕುಯ್ದುಕೊಂಡುಬಿಡುತ್ತಾನೋ ಎಂಬ ಭಯಕ್ಕೆ ಅವನ ಎರಡೂ ಕೈ ಹಿಡಿದುಕೊಂಡು ತಾನೂ ಅಳುತ್ತಾನೆ. ಕರುಣೆ ಅಂದರೆ ಅಲ್ಲಿ ಅಷ್ಟೇ, ಕೈ ಹಿಡಿದುಕೊಳ್ಳುವುದು.

ಸುಮಾರು 1000 ವರ್ಷಗಳ ಹಿಂದೆ ನಮ್ಮ ರನ್ನ 'ಗದಾಯುದ್ಧ'ದಲ್ಲಿ ಇನ್ನೂ ಒಂದು ಹೆಜ್ಜೆ ಒಳಗೆ ಹೋದ. ಕರ್ಣನ ಹೆಣದ ಮುಂದೆ ನಿಂತ ದುರ್ಯೋಧನ ಹೇಳುತ್ತಾನೆ: ನೀನು ಯಾರೆಂದು ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಸಹದೇವನಿಗೂ ಗೊತ್ತು. ಮೇಲ್ನೋಟಕ್ಕೆ ಇದು ಬರೀ ಅಳು. ನನಗಂತೂ ಅದರಲ್ಲಿ ತಪ್ಪೊಪ್ಪಿಗೆಯೇ ಕೇಳಿಸುತ್ತದೆ. ಗೊತ್ತಿದ್ದೂ ಸುಮ್ನಿದ್ದವರ ಪಟ್ಟಿಯಲ್ಲಿ ಅವನು ತನ್ನ ಹೆಸರನ್ನೇ ಮೊದಲು ಸೇರಿಸಿದ್ದಾನೆ, ಅಲ್ವಾ?

ಕಾದಂಬರಿ ಬಂದ ಮೇಲೆ ಆಟ ಬದಲಾಯಿತು. ರಣರಂಗದಲ್ಲಿ ಗಟ್ಟಿಯಾಗಿ ಅಳುತ್ತಿದ್ದವರು ಈಗ ಯಾರಿಗೂ ಹೇಳದೆ ಒಳಗೊಳಗೇ ಕೊರಗತೊಡಗಿದರು. ಇನ್ನೊಂದು ದೊಡ್ಡ ಬದಲಾವಣೆ ಎಂದರೆ, ನೊಂದ ಗೆಳೆಯ ಈಗ ಬದುಕಿರುತ್ತಾನೆ. ಅವನ ಮುಖ ನೋಡಬೇಕು. ಕಷ್ಟ ಇರುವುದೇ ಅಲ್ಲಿ.

1860-61ರಲ್ಲಿ ಧಾರಾವಾಹಿಯಾಗಿ ಬಂದ ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್'ನಲ್ಲಿ ಕಮ್ಮಾರ ಜೋ, ಕಥಾನಾಯಕ ಪಿಪ್‌ನ ಅಕ್ಕನ ಗಂಡ. ಆದರೆ ಅವರಿಬ್ಬರದು ನಿಜಕ್ಕೂ ಗೆಳೆತನ. ಪಟ್ಟಣ ಸೇರಿ ದೊಡ್ಡಮನುಷ್ಯನಾದ ಪಿಪ್‌ಗೆ ಜೋನನ್ನು ಕಂಡರೆ ನಾಚಿಕೆ. ದುಡ್ಡು ಕೊಟ್ಟಾದರೂ ಅವನು ಬರದಂತೆ ಮಾಡಬಹುದಿದ್ದರೆ ಕೊಟ್ಟುಬಿಡುತ್ತಿದ್ದೆ ಎಂದುಕೊಳ್ಳುತ್ತಾನೆ. ಆಮೇಲೆ ಪಿಪ್ ಸಾಲದಲ್ಲಿ ಸಿಕ್ಕಿ ಜ್ವರ ಹಿಡಿದು ಮಲಗಿದಾಗ ಅದೇ ಜೋ ಬಂದು ಆರೈಕೆ ಮಾಡುತ್ತಾನೆ. ಪಿಪ್ ಚೇತರಿಸಿಕೊಂಡಂತೆಲ್ಲ ಜೋನ ಬಾಯಲ್ಲಿ ಮೆಲ್ಲಗೆ 'ಸರ್' ನುಸುಳುತ್ತದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಜೋ ಇಲ್ಲ. ಒಂದು ಚೀಟಿ ಇದೆ, ಜೊತೆಗೆ ಪಿಪ್‌ನ ಸಾಲ ತೀರಿಸಿದ ರಸೀದಿ. ಕ್ಷಮೆ ಕೇಳೋಣ ಎಂದು ಪಿಪ್ ಮಾತು ಹೊಂದಿಸಿಕೊಳ್ಳುತ್ತಿರುವಾಗಲೇ ಕ್ಷಮಿಸುವವನು ಹೊರಟುಹೋಗಿದ್ದಾನೆ. ನೂರು ಪುಟದ ಪಶ್ಚಾತ್ತಾಪವನ್ನು ಆ ಒಂದು ರಸೀದಿ ಮಾಡಿ ಮುಗಿಸುತ್ತದೆ.

2003ರಲ್ಲಿ ಬಂದ ಖಾಲಿದ್ ಹುಸೇನಿಯ ಕಾದಂಬರಿ 'ದಿ ಕೈಟ್ ರನ್ನರ್' ಈ ಎಳೆಯನ್ನು ಇನ್ನೂ ಬಿಗಿಯಾಗಿ ಎಳೆಯಿತು. ಮನೆಯಾಳಿನ ಮಗನೂ ಬಾಲ್ಯದ ಗೆಳೆಯನೂ ಆದ ಹಸನ್ ಮೇಲೆ ನಡೆದ ದೌರ್ಜನ್ಯವನ್ನು ಕಣ್ಣಾರೆ ಕಂಡೂ ಅಮೀರ್ ಓಡಿಹೋಗಿರುತ್ತಾನೆ. ಆಮೇಲೆ ಅವನಿಗೆ ಬೇಕಾಗಿರುವುದು ಕ್ಷಮೆಯಲ್ಲ, ಏಟು. ಹಸನ್ ತಿರುಗಿ ಹೊಡೆಯಲಿ ಎಂದು ಅವನ ಮೇಲೆ ದಾಳಿಂಬೆ ಎಸೆಯುತ್ತಾನೆ. ಹಸನ್ ಒಂದು ಹಣ್ಣನ್ನು ಎತ್ತಿ ತನ್ನ ಹಣೆಗೇ ಒತ್ತಿ ಒಡೆದುಕೊಳ್ಳುತ್ತಾನೆ. ಇಂಥ ಒಳ್ಳೆಯತನವನ್ನು ದಿನವೂ ಎದುರಿಗಿಟ್ಟುಕೊಂಡು ಬದುಕುವುದು ಹೇಗೆ? ಅಮೀರ್ ತನ್ನದೇ ಗಡಿಯಾರವನ್ನೂ ದುಡ್ಡನ್ನೂ ಹಸನ್‌ನ ಹಾಸಿಗೆಯಡಿ ಇಟ್ಟು ಕಳ್ಳತನದ ಆರೋಪ ಹೊರಿಸುತ್ತಾನೆ. ನೀನೇ ಕದ್ದೆಯಾ ಎಂದು ಅಮೀರ್‌ನ ಅಪ್ಪ ಕೇಳಿದಾಗ ಹಸನ್ 'ಹೌದು' ಅನ್ನುತ್ತಾನೆ.

ತಾನು ಓಡಿಹೋದದ್ದು ಹಸನ್‌ಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಅಮೀರ್‌ಗೆ ಹೊಳೆಯುವುದು ಆಗಲೇ.