ತೂಕದ ಮೆಷಿನ್ನು, ಬ್ಲೂಟೂತು ಮತ್ತೆ ಕರ್ನಲ್‌ನ ಆ ಒಂದು ಅಕ್ಷರ

ಜನವರಿ ಅಂದ್ರೆ ನಮ್ಮ ಕೊಡಗಲ್ಲಿ ಕಾಫಿ ಕೊಯ್ಲು. ಸುಂಟಿಕೊಪ್ಪ ಹತ್ರ ಒಂದು ತೋಟದಲ್ಲಿ ಸಂಜೆ ನಾಲ್ಕೂವರೆಗೆ ಹಣ್ಣಿನ ತೂಕ ಶುರುವಾಗುತ್ತೆ, ಬೆಳಿಗ್ಗೆಯಿಂದ ಕೊಯ್ದವರೆಲ್ಲ ಚೀಲ ಹೊತ್ಕೊಂಡು ಬಂದು ಸಾಲಾಗಿ ನಿಲ್ತಾರೆ, ಕೆಜಿ ಲೆಕ್ಕದಲ್ಲೇ ಅವರ ಕೂಲಿ. ರೈಟರ್ (ತೋಟದ ಲೆಕ್ಕ ಬರೆಯೋರು) ಬುಕ್ಕಲ್ಲಿ ಬರೆಯೋವಾಗ 38 ಹೋಗಿ 33 ಆಗಬಾರದು ಅಂತ ಬ್ಲೂಟೂತ್ ಇರೋ ತೂಕದ ಮೆಷಿನ್ ತರಿಸಿ ಆಫೀಸ್ ಕಂಪ್ಯೂಟರ್‌ಗೆ ಸೇರಿಸೋಣ ಅಂತ ಹೇಳಿದ್ದು ನಾನೇ. ಮೊದಲನೇ ದಿನ ಒಂದು ತೂಕಾನೂ ಕಂಪ್ಯೂಟರ್‌ಗೆ ಬರಲಿಲ್ಲ. ಜನ ಕತ್ತಲಾಗೋವರೆಗೂ ಚೀಲದ ಪಕ್ಕ ನಿಂತಿದ್ರು, ರೈಟರ್ ಟಾರ್ಚ್ ಹಿಡ್ಕೊಂಡು ಕೈಯಲ್ಲೇ ಬರ್ಕೊಂಡ್ರು, ನನಗೆ ಅದು ಇವತ್ತಿಗೂ ಬೇಜಾರು, ಯಾಕಂದ್ರೆ ಆ ಕಂಪ್ಯೂಟರ್‌ನ ಲಿನಕ್ಸ್ ಕರ್ನಲ್, ಅಂದ್ರೆ ಇಡೀ ಸಿಸ್ಟಮ್ ನಡೆಸೋ ತಿರುಳಿನ ಪ್ರೋಗ್ರಾಮ್, ಅದರಲ್ಲಿ ಏನಿರಬೇಕು ಅಂತ ಆರಿಸಿ ಕಾನ್ಫಿಗರ್ ಮಾಡಿದವನು ನಾನು.

ಆಗಿದ್ದು ಇಷ್ಟೆ. ಹಳೇ ಕಂಪ್ಯೂಟರು, 2 ಜಿಬಿ ರ್‍ಯಾಮ್, ಅದಕ್ಕೆ ಕರ್ನಲ್ ಚಿಕ್ಕದು ಮಾಡೋಣ ಅಂತ ಮಡಿಕೇರಿಯಲ್ಲಿ ಕೂತು ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಕೊಟ್ಟೆ. ಆ ಕಮಾಂಡ್ ಏನ್ ಮಾಡುತ್ತೆ ಅಂದ್ರೆ ಆ ಕ್ಷಣಕ್ಕೆ ಯಾವ್ಯಾವ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಸ್ಕೊಳ್ಳೋ ತುಂಡು, ಡ್ರೈವರ್ ತರದ್ದು) ಲೋಡ್ ಆಗಿದೆಯೋ ಅದನ್ನ ಇಟ್ಕೊಂಡು ಉಳಿದ ಮಾಡ್ಯೂಲ್‌ಗಳನ್ನ ತೆಗೆದುಹಾಕುತ್ತೆ. ಯುಎಸ್‌ಬಿಗೆ ಚುಚ್ಚೋ ಬ್ಲೂಟೂತ್ ಡಾಂಗಲ್ ತೋಟದಲ್ಲಿತ್ತು, ನನ್ನ ಟೇಬಲ್ ಮೇಲೆ ಇರಲಿಲ್ಲ, ಸೋ ಬ್ಲೂಟೂತೇ ಹೊರಗೆ ಹೋಯ್ತು. ಈ ಕಮಾಂಡ್ ಕೊಡೋ ಮುಂಚೆ ಡಾಂಗಲ್ಲು, ಪ್ರಿಂಟರು, ಪೆನ್‌ಡ್ರೈವು ಎಲ್ಲ ಚುಚ್ಚಿ ಒಂದ್ಸಲ ಕೆಲಸ ಮಾಡಿಸಿ ನೋಡಿ.

ಇಲ್ಲಿ ಮೋಸ ಹೋಗೋದು ಸುಲಭ. ಯುಎಸ್‌ಬಿಗೆ ಚುಚ್ಚಿರೋದನ್ನೆಲ್ಲ ತೋರಿಸೋ ‘ಎಲ್‌ಎಸ್‌ಯುಎಸ್‌ಬಿ’ ಕಮಾಂಡ್ ಕೊಟ್ರೆ ಡಾಂಗಲ್ ಹೆಸರು ಬರುತ್ತೆ, ಬ್ಲೂಟೂತ್ ನಡೆಸೋ ‘ಬ್ಲೂಟೂತ್‌ಸಿಟಿಎಲ್’ ಮಾತ್ರ ಕಂಟ್ರೋಲರ್ರೇ ಇಲ್ಲ ಅನ್ನುತ್ತೆ. ಡಾಂಗಲ್ ಹಾಳು ಅಂತ ಹೊಸದು ತಗೊಂಡವರನ್ನ ನೋಡಿದೀನಿ. ಪೋರ್ಟಿಗೆ ಏನೋ ಬಂದಿದೆ ಅಂತ ಯುಎಸ್‌ಬಿಗೆ ಗೊತ್ತು, ಅದನ್ನ ನಡೆಸೋ ಡ್ರೈವರ್ ಇಲ್ಲ, ಅಷ್ಟೆ. ಲಿನಕ್ಸಲ್ಲಿ ಬ್ಲೂಟೂತ್ ಸ್ಟ್ಯಾಕ್, ಅಂದ್ರೆ ಬ್ಲೂಟೂತ್ ನಡೆಸೋ ಸಾಫ್ಟ್‌ವೇರ್, ಅದರ ಹೆಸರು ಬ್ಲೂಝಡ್, ಅದು 2001ರಲ್ಲಿ ಕರ್ನಲ್ 2.4.6 ಬಂದಾಗಿಂದ ಕರ್ನಲ್ ಒಳಗೇ ಇದೆ, ಕರ್ನಲ್ ಆಪ್ಷನ್ ಆರಿಸೋ ಮೆನುಕಾನ್ಫಿಗ್‌ನಲ್ಲಿ ನೆಟ್‌ವರ್ಕಿಂಗ್ ಸಪೋರ್ಟ್ ಒಳಗೆ ಹೋದ್ರೆ ಬ್ಲೂಟೂತ್ ಸಬ್‌ಸಿಸ್ಟಮ್ ಸಿಗುತ್ತೆ, ಅದರ ಕೆಳಗೆ ಡಿವೈಸ್ ಡ್ರೈವರ್ಸ್, ಅದರಲ್ಲಿ ಡಾಂಗಲ್‌ಗೆ ಬೇಕಾದ ಎಚ್‌ಸಿಐ ಯುಎಸ್‌ಬಿ ಡ್ರೈವರ್.

ಸರಿ ಅಂತ ಎಲ್ಲದಕ್ಕೂ ‘ವೈ’ ಒತ್ತಿ ಮತ್ತೆ ಕಂಪೈಲ್ ಮಾಡಿದೆ, ಆಗಲೂ ಆಗ್ಲಿಲ್ಲ. ಡಿಎಂಇಎಸ್‌ಜಿ (ಕರ್ನಲ್ ಬರೆಯೋ ಸಂದೇಶಗಳ ಪಟ್ಟಿ) ತೆಗೆದು ನೋಡಿದ್ರೆ ಫರ್ಮ್‌ವೇರ್ (ಡಾಂಗಲ್ ಚಿಪ್ ಒಳಗೆ ಓಡೋ ಪ್ರೋಗ್ರಾಮ್) ಲೋಡ್ ಫೇಲು, ಎರರ್ -2. -2 ಅಂದ್ರೆ ಫೈಲೇ ಇಲ್ಲ ಅಂತ ಅರ್ಥ, ಆದ್ರೆ ಫರ್ಮ್‌ವೇರ್ ಫೋಲ್ಡರ್ ತೆಗೆದು ನೋಡಿದ್ರೆ ಫೈಲ್ ಅಲ್ಲೇ ಕೂತಿದೆ! ವಿಷಯ ಏನಂದ್ರೆ ಈಗಿನ ತುಂಬಾ ಬ್ಲೂಟೂತ್ ಚಿಪ್‌ಗಳು ತಮ್ಮ ಪ್ರೋಗ್ರಾಮನ್ನ ತಾವು ಇಟ್ಕೊಂಡಿರಲ್ಲ, ಕರೆಂಟ್ ಬಂದ ಪ್ರತಿ ಸಲ ಡ್ರೈವರ್ ಅದನ್ನ ಡಿಸ್ಕಿಂದ ಓದಿ ಚಿಪ್ಪಿಗೆ ತುಂಬಬೇಕು. ‘ವೈ’ ಹಾಕಿದ್ರೆ ಡ್ರೈವರ್ ಕರ್ನಲ್ ಒಳಗೇ ಇರುತ್ತೆ, ಕರ್ನಲ್ ಜೊತೆಗೇ ಎದ್ದುಬಿಡುತ್ತೆ, ಅಷ್ಟು ಹೊತ್ತಿಗೆ ರೂಟ್ ಡಿಸ್ಕ್ (ಸಿಸ್ಟಮ್ ಫೈಲ್‌ಗಳಿರೋ ಡಿಸ್ಕ್) ಮೌಂಟೇ ಆಗಿರಲ್ಲ, ಅಂದ್ರೆ ಓದೋಕೆ ಸಿದ್ಧ ಇರಲ್ಲ, ಇನ್ನು ಫೈಲ್ ಎಲ್ಲಿಂದ ಸಿಗಬೇಕು. ಕೆಲವು ಸಲ ಡಾಂಗಲ್ ಸ್ವಲ್ಪ ನಿಧಾನಕ್ಕೆ ಎದ್ದು ಅಷ್ಟರಲ್ಲಿ ಡಿಸ್ಕ್ ಬಂದು ಸರಿಯಾಗೂ ಬಿಡುತ್ತೆ, ಅದು ಇನ್ನೂ ಅಪಾಯ, ಸೋಮವಾರ ನಡೆಯುತ್ತೆ ಮಂಗಳವಾರ ಇಲ್ಲ. ‘ಎಮ್’ ಹಾಕಿ ಮಾಡ್ಯೂಲ್ ಮಾಡಿದ್ರೆ ಡಿಸ್ಕ್ ಮೌಂಟ್ ಆದ್ಮೇಲೆ ಲೋಡ್ ಆಗುತ್ತೆ, ಫೈಲ್ ಸಿಗುತ್ತೆ. ‘ವೈ’ನೇ ಬೇಕು ಅಂತಿದ್ರೆ ಫರ್ಮ್‌ವೇರ್ ಫೈಲನ್ನ ಎಕ್ಸ್‌ಟ್ರಾ ಫರ್ಮ್‌ವೇರ್ ಆಪ್ಷನ್ನಿಂದ ಕರ್ನಲ್ ಒಳಗೇ ಸೇರಿಸಬೇಕು, ಇಲ್ಲಾಂದ್ರೆ ಬೂಟ್ ಆಗೋವಾಗ ಮೊದಲೇ ರ್‍ಯಾಮ್‌ಗೆ ಬರೋ ಚಿಕ್ಕ ಫೈಲ್ ಕಟ್ಟು, ಅಂದ್ರೆ ಇನಿಟ್‌ರ್‍ಯಾಮ್‌ಎಫ್‌ಎಸ್‌ಗೆ ಹಾಕಬೇಕು. ತೋಟದ ಆಫೀಸಿಗೆ ಅಷ್ಟೆಲ್ಲ ಯಾಕೆ, ‘ಎಮ್’ ಸಾಕು.

ಆಮೇಲೆ ಡಾಂಗಲ್ ಎದ್ದು ಮೆಷಿನ್ ಪೇರ್ ಆಯ್ತು, ತೂಕ ಮಾತ್ರ ಇನ್ನೂ ಇಲ್ಲ. ಈ ಮೆಷಿನ್ ಹಳೇ ಸೀರಿಯಲ್ ಪೋರ್ಟ್ ತರ ನಡ್ಕೊಳ್ಳುತ್ತೆ, ಅದಕ್ಕೆ ಬ್ಲೂಟೂತ್ ಮೇಲೆ ಸೀರಿಯಲ್ ಪೋರ್ಟ್ ತರ ಡೇಟಾ ಸಾಗಿಸೋ ಆರ್‌ಎಫ್‌ಕಾಮ್ ಬೇಕು, ಅದರ ಕೆಳಗಿರೋ ಟಿಟಿವೈ ಸಪೋರ್ಟ್ ಅನ್ನೋ ಬೇರೆ ಆಪ್ಷನ್ನೂ ಬೇಕು, ಅದು ಇಲ್ಲದಿದ್ರೆ ಡೆವ್ ಫೋಲ್ಡರ್ ಒಳಗೆ ತೂಕ ಓದ್ಕೊಳ್ಳೋ ಆರ್‌ಎಫ್‌ಕಾಮ್0 ಫೈಲ್ ಹುಟ್ಟೋದೇ ಇಲ್ಲ. ಹೊಸಬರು ಇನ್ನೊಂದು ಮಾಡ್ತಾರೆ, ಈಗೆಲ್ಲ ಲೋ ಎನರ್ಜಿ (ಕಡಿಮೆ ಕರೆಂಟಿನ ಹೊಸ ಬ್ಲೂಟೂತ್) ಅಲ್ವಾ ಅಂತ ಕ್ಲಾಸಿಕ್ ಬ್ಲೂಟೂತನ್ನ ಆಫ್ ಮಾಡಿಬಿಡ್ತಾರೆ, ಆಗ ಆರ್‌ಎಫ್‌ಕಾಮ್ ಮೆನುವಿಂದಲೇ ಮಾಯ. ಲೋ ಎನರ್ಜಿ ಮೌಸ್‌ಗೆ ಯುಎಚ್‌ಐಡಿ ಅನ್ನೋ ಆಪ್ಷನ್ ಮರೀಬೇಡಿ, ಅದಿಲ್ಲದಿದ್ರೆ ಪೇರ್ ಆಗುತ್ತೆ ಪಾಯಿಂಟರ್ ಅಲ್ಲಾಡಲ್ಲ.

ತೂಕ ಬಂದ್ಮೇಲೂ ಮಧ್ಯೆ ಮಧ್ಯೆ ಕಟ್ ಆಗ್ತಿತ್ತು. ಒಂದು, ಯುಎಸ್‌ಬಿ ಆಟೋಸಸ್ಪೆಂಡ್, ಎರಡು ಚೀಲದ ನಡುವೆ ಗ್ಯಾಪ್ ಆದ್ರೆ ಡಾಂಗಲ್ ನಿದ್ದೆ ಹೋಗೋದು, ಅದನ್ನ ಕಾನ್ಫಿಗ್‌ನಲ್ಲೇ ತೆಗೆದೆ. ಇನ್ನೊಂದು, ಡಾಂಗಲ್ ಪಕ್ಕದಲ್ಲೇ ನೀಲಿ ಯುಎಸ್‌ಬಿ 3 ಪೋರ್ಟಲ್ಲಿ ಬ್ಯಾಕಪ್ ಡಿಸ್ಕ್ ಇತ್ತು, ಯುಎಸ್‌ಬಿ 3 ಬ್ಲೂಟೂತ್ ಬಳಸೋ ಅದೇ 2.4 ಗಿಗಾಹರ್ಟ್ಸ್ ಆಸುಪಾಸಲ್ಲಿ ಗಲಾಟೆ ಎಬ್ಬಿಸುತ್ತೆ ಅಂತ ಇಂಟೆಲ್ 2012ರಲ್ಲೇ ಹೇಳಿದೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನ ತೂಕದ ಕಡೆ ಕಿಟಕಿಗೆ ಕಟ್ಟಿದೆ, ನಿಂತ್ಹೋಯ್ತು.

ಹಳೇ ಕರ್ನಲನ್ನ ಅಳಿಸಿಲ್ಲ, ಕಂಪ್ಯೂಟರ್ ಆನ್ ಆಗೋವಾಗ ಬರೋ ಗ್ರಬ್ ಮೆನುವಿನಲ್ಲಿ ಎರಡನೇ ಸಾಲಲ್ಲಿ ಇದೆ. ಹೊಸದು ಏಳದಿದ್ರೆ ಕೆಳಗಿನ ಬಾಣ ಒತ್ತಿ ಎಂಟರ್ ಮಾಡಿ ಅಂತ ದಪ್ಪ ಅಕ್ಷರದಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿ ಬಂದಿದೀನಿ, ರೈಟರ್ ಕೈಯಲ್ಲೇ ಎರಡು ಸಲ ಮಾಡಿಸಿ ನೋಡಿದೆ.