ಫೂಕೋ, ಮಾರ್ಕ್ಯೂಸ್ ಮತ್ತು ಡೇಟಿಂಗ್ ಆ್ಯಪ್: ಸಮಾಜಶಾಸ್ತ್ರ ಟಿಪ್ಪಣಿ

ಕೆ-ಸೆಟ್‌ಗೆ (ಕಾಲೇಜು ಅಧ್ಯಾಪಕರಾಗಲು ಬೇಕಾದ ರಾಜ್ಯ ಅರ್ಹತಾ ಪರೀಕ್ಷೆ) ಓದುತ್ತಿರುವ ಧಾರವಾಡದ ಗೆಳೆಯರ ಉತ್ತರಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ: 'ಸಮಾಜ ಲೈಂಗಿಕತೆಯನ್ನು ದಮನ ಮಾಡಿತು, ಇಂಟರ್ನೆಟ್ ಬಿಡುಗಡೆ ಮಾಡಿತು.' ಇದನ್ನು ಬರೆದು ಕೆಳಗೆ ಫ್ರೆಂಚ್ ಚಿಂತಕ ಫೂಕೋನ ಹೆಸರು ಹಾಕಿದರೆ ಅಂಕ ಹೋದಂತೆಯೇ.

1976ರಲ್ಲಿ ಬಂದ ಅವನ 'ಲೈಂಗಿಕತೆಯ ಇತಿಹಾಸ'ದ ಮೊದಲ ಸಂಪುಟ ಈ ದಮನದ ಕಥೆಯನ್ನೇ ಪ್ರಶ್ನಿಸುತ್ತದೆ. ಪಶ್ಚಿಮದಲ್ಲಿ ಅಧಿಕಾರ ಬಾಯಿ ಮುಚ್ಚಿಸಿದ್ದಷ್ಟೇ ಅಲ್ಲ, ಬಾಯಿ ಬಿಡಿಸಿತು ಕೂಡ: ಮೊದಲು ಪಾದ್ರಿಯ ಮುಂದೆ, ಆಮೇಲೆ ವೈದ್ಯನ ಮುಂದೆ. ಹೇಳಿಕೊಂಡದ್ದು ದಾಖಲೆಯಾಯಿತು, ದಾಖಲೆಯಿಂದ ಮನುಷ್ಯರ ಬಗೆಗಳು ಹುಟ್ಟಿದವು. ಡೇಟಿಂಗ್ ಆ್ಯಪ್ ಕೇಳುವುದೂ ಅದನ್ನೇ: ಲಿಂಗ ಯಾವುದು, ಒಲವು ಯಾರತ್ತ, ಎಷ್ಟು ಕಿಲೋಮೀಟರ್ ಒಳಗೆ ಬೇಕು. ಬಲವಂತವೇನೂ ಇಲ್ಲ, ತುಂಬದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ, ಅಷ್ಟೇ.

ಆ ಪಟ್ಟಿಯಲ್ಲಿ ಗಂಡಾಗಿ ಹುಟ್ಟಿ ಸವದತ್ತಿ ಯಲ್ಲಮ್ಮನಿಗೆ ಮುಡಿಪಾದ ಜೋಗಪ್ಪನಿಗೆ ಜಾಗ ಎಲ್ಲಿ? ಸೀರೆ ಉಟ್ಟು, ಚೌಡಿಕೆ ಹಿಡಿದು ನಮ್ಮ ಓಣಿಗೆ ಬರುವವರ ಗುರುತು ದೇವಿಯೊಂದಿಗೆ, ಮುಡಿಪಿನ ಗುರುತಾಗಿ ಕೊರಳಿಗೆ ಕಟ್ಟಿಸಿಕೊಂಡ ಮುತ್ತಿನೊಂದಿಗೆ ಬೆಸೆದಿದೆ. 'ಟ್ರಾನ್ಸ್‌ಜೆಂಡರ್' ಎಂದು ಗುರುತು ಹಾಕಿದರೆ ದೇವಿ ಪಟ್ಟಿಯಿಂದ ಹೊರಗುಳಿಯುತ್ತಾಳೆ. ಹಾಗೆಂದು ಹಳೆಯದನ್ನು ಕೊಂಡಾಡುವುದೂ ಬೇಡ, ಮುತ್ತು ಕಟ್ಟುವುದರಲ್ಲಿಯೂ ಅಧಿಕಾರವಿದೆ. ಇನ್ನೊಂದು ಮಗ್ಗುಲು: 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಶೇ. 1ರ ಮೀಸಲಾತಿ ಕೊಟ್ಟದ್ದು ಅದೇ ಹೆಸರಿನ ವರ್ಗಕ್ಕೆ. ನಮ್ಮನ್ನು ಕಟ್ಟಿಹಾಕಿದ ಹೆಸರನ್ನೇ ಹಿಡಿದು ಹಕ್ಕು ಕೇಳಬಹುದು. ಇದನ್ನೂ ಫೂಕೋ ಗುರುತಿಸಿದ್ದಾನೆ. ಪ್ರಶ್ನೆಪತ್ರಿಕೆ ಹೇಗೇ ಕೇಳಲಿ, ಈ ಭಾಗವನ್ನು ವಿಸ್ತರಿಸಿ ಬರೆಯಿರಿ.

ಮಾರ್ಕ್ಯೂಸ್ ಬೇರೆ ದಾರಿಯವನು. ಅವನು ಮಾರ್ಕ್ಸ್‌ವಾದದ ಹಿನ್ನೆಲೆಯ ಫ್ರಾಂಕ್‌ಫರ್ಟ್ ಪಂಥದವನು, ಫೂಕೋ ಆ ಪಂಥದವನಲ್ಲ. ಇಬ್ಬರನ್ನೂ ಒಂದೇ ಗುಂಪಿಗೆ ಸೇರಿಸಬೇಡಿ. ಸಮಾಜ ಕಾಮನೆಯನ್ನು ದಮನ ಮಾಡುತ್ತದೆ ಎಂಬುದನ್ನು ಮಾರ್ಕ್ಯೂಸ್ ಒಪ್ಪುತ್ತಾನೆ. ಆದರೆ 1964ರ ಹೊತ್ತಿಗೆ, ಮಾರುಕಟ್ಟೆ ಕಾಮನೆಯನ್ನು ಸಡಿಲಬಿಟ್ಟೇ ಜನರ ಪ್ರತಿರೋಧವನ್ನು ಕರಗಿಸುತ್ತದೆ ಎಂದು ವಾದಿಸುತ್ತಾನೆ. ಆ್ಯಪ್‌ಗಳ ವ್ಯಾಪಾರ ಅರ್ಥವಾಗಲು ಇವನೇ ಬೇಕು. ಬಳಕೆದಾರರ ಮಾಹಿತಿಯನ್ನು ಸರಿಯಾದ ಒಪ್ಪಿಗೆಯಿಲ್ಲದೆ ಜಾಹೀರಾತು ಕಂಪನಿಗಳಿಗೆ ಕೊಟ್ಟದ್ದಕ್ಕೆ ನಾರ್ವೆ 2021ರಲ್ಲಿ ಸಲಿಂಗಿಗಳ ಡೇಟಿಂಗ್ ಆ್ಯಪ್ ಗ್ರೈಂಡರ್‌ಗೆ 6.5 ಕೋಟಿ ಕ್ರೋನರ್ ದಂಡ ಹಾಕಿತು. ಹೇಳಿಕೊಂಡದ್ದನ್ನು ಕೇಳಿಸಿಕೊಳ್ಳುವವನು ಈಗ ವ್ಯಾಪಾರಿ.

ಭಾರತದ ಉದಾಹರಣೆ ಕೊಡುವಾಗ ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ಪುಟ್ಟಸ್ವಾಮಿ ತೀರ್ಪನ್ನು ಮೊದಲು ಇಡಿ. ಸಮ್ಮತಿಯ ಸಲಿಂಗ ಸಂಬಂಧವನ್ನು ಅದನ್ನು ಅಪರಾಧವೆಂದಿದ್ದ ಸೆಕ್ಷನ್ 377ರಿಂದ ಹೊರತಂದ 2018ರ ತೀರ್ಪು ಪುಟ್ಟಸ್ವಾಮಿ ತೀರ್ಪನ್ನು ಆಧರಿಸಿದೆ.